ಕ್ರಿಸ್‌ಮಸ್‌ಗೆ ಬಂದೂಕು: ತಪಾಸಣೆ ಕೊಳ್ಳುವವನಿಗೆ, ಬಂದೂಕು ಇನ್ನೊಬ್ಬನ ಕೈಗೆ

2021ರ ನವೆಂಬರ್ 26. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ. ಬ್ಲ್ಯಾಕ್ ಫ್ರೈಡೇ ಅಂತಾರಲ್ಲ, ಟಿವಿಯಿಂದ ಹಿಡಿದು ಚಳಿಕೋಟಿನ ತನಕ ಎಲ್ಲದಕ್ಕೂ ರಿಯಾಯಿತಿ ಸಿಗುವ ಶುಕ್ರವಾರ, ಅದೇ. ಮಿಶಿಗನ್ ರಾಜ್ಯದ ಆಕ್ಸ್‌ಫರ್ಡ್‌ನಲ್ಲಿ ಜೇಮ್ಸ್ ಕ್ರಂಬ್ಲಿ ಎಂಬಾತ 15 ವರ್ಷದ ಮಗನನ್ನು ಕರೆದುಕೊಂಡು ಬಂದೂಕಿನ ಅಂಗಡಿಗೆ ಹೋದ. 9 ಎಂಎಂನ ಒಂದು ಸಿಗ್ ಸಾವರ್ ಪಿಸ್ತೂಲು ಕೊಂಡ. ಮಾರನೇ ದಿನ ತಾಯಿ ಜೆನಿಫರ್ ಮಗನ ಜೊತೆ ಶೂಟಿಂಗ್ ರೇಂಜಿಗೆ ಹೋಗಿ, ಇವತ್ತು ಅಮ್ಮ-ಮಗನ ದಿನ, ಅವನ ಹೊಸ ಕ್ರಿಸ್‌ಮಸ್ ಉಡುಗೊರೆಯನ್ನು ಹಾರಿಸಿ ನೋಡುತ್ತಿದ್ದೇವೆ ಅನ್ನುವ ಅರ್ಥದಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಬರೆದುಕೊಂಡಳು. ಅದಾಗಿ ಮೂರನೇ ದಿನ, ಮಂಗಳವಾರ, ಹುಡುಗ ಅದೇ ಪಿಸ್ತೂಲನ್ನು ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ಹೋದ. 4 ಮಕ್ಕಳು ಸತ್ತರು. ಒಬ್ಬ ಶಿಕ್ಷಕಿ ಸೇರಿ 7 ಜನ ಗಾಯಗೊಂಡರು.

ಅವತ್ತು ಬೆಳಿಗ್ಗೆಯೇ ಹುಡುಗನ ಹಾಳೆಯಲ್ಲಿ ಬಂದೂಕಿನ ಚಿತ್ರ, ರಕ್ತದ ಚಿತ್ರ ಕಂಡು ಶಾಲೆಯವರು ಅಪ್ಪ-ಅಮ್ಮನನ್ನು ಕರೆಸಿದ್ದರು. ಇಬ್ಬರೂ ಬಂದರು, ಮಾತಾಡಿದರು, ಮಗನನ್ನು ಅಲ್ಲೇ ಬಿಟ್ಟು ವಾಪಸ್ ಹೋದರು. ನಾಲ್ಕು ದಿನದ ಹಿಂದೆ ಪಿಸ್ತೂಲು ಕೊಂಡಿದ್ದೇವೆ ಅನ್ನುವ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ. ಬ್ಯಾಗನ್ನು ಯಾರೂ ತೆರೆದು ನೋಡಲಿಲ್ಲ.

2024ರಲ್ಲಿ ತಂದೆ-ತಾಯಿ ಇಬ್ಬರ ಮೇಲೂ ನರಹತ್ಯೆಯ ಆರೋಪ ಸಾಬೀತಾಯಿತು. ಇಬ್ಬರಿಗೂ 10ರಿಂದ 15 ವರ್ಷ ಜೈಲು. ಮಕ್ಕಳು ಶಾಲೆಯಲ್ಲಿ ನಡೆಸಿದ ಸಾಮೂಹಿಕ ಗುಂಡಿನ ದಾಳಿಗೆ ಹೆತ್ತವರನ್ನೇ ಹೀಗೆ ನರಹತ್ಯೆಯ ತಪ್ಪಿತಸ್ಥರನ್ನಾಗಿ ಮಾಡಿದ್ದು ಅಮೆರಿಕದಲ್ಲಿ ಅದೇ ಮೊದಲು. ಆದರೆ ಗಮನಿಸಿ, ಅವರು ಜೈಲಿಗೆ ಹೋದದ್ದು ಅಂಗಡಿಯಲ್ಲಿ ನಡೆದ ವ್ಯಾಪಾರಕ್ಕಲ್ಲ. ಎದ್ದು ಕಾಣುತ್ತಿದ್ದ ಎಚ್ಚರಿಕೆಗಳನ್ನು ಕಡೆಗಣಿಸಿದ್ದಕ್ಕೆ, ಮಗನ ಕೈಗೆ ಸಿಗದ ಹಾಗೆ ಪಿಸ್ತೂಲು ಇಡದೇ ಹೋದದ್ದಕ್ಕೆ. ಹಬ್ಬಕ್ಕೆ ಬಂದೂಕು ಕೊಡುವುದು ಅಲ್ಲಿ ಅಪರಾಧವಲ್ಲ, ವಿಚಿತ್ರವೂ ಅಲ್ಲ. ಒಂದೂಕಾಲು ಶತಮಾನಕ್ಕಿಂತ ಹಳೆಯ ರೂಢಿ ಅದು.

ನನ್ನ ತಕರಾರು ಇರುವುದು ಒಂದೇ ಕಡೆ. ಬಂದೂಕು ಬದಲಾಯಿತು, ಅದನ್ನು ಕೊಳ್ಳುವ ಕಾರಣ ಬದಲಾಯಿತು, ಕಾನೂನು ಮಾತ್ರ ಉಡುಗೊರೆ ಅಂದ ಕೂಡಲೇ ಇವತ್ತಿಗೂ ಹಳೇ ಕಾಲದ ಹಳ್ಳಿಮನೆಯನ್ನೇ ನೆನಪಿಸಿಕೊಂಡು ಸುಮ್ಮನಾಗುತ್ತದೆ.

ಮೊದಲು ಈ ಹಬ್ಬದ ವ್ಯಾಪಾರ ಎಷ್ಟು ದೊಡ್ಡದು ನೋಡೋಣ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ಕೊಳ್ಳಬೇಕಾದರೆ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುವ ಕಂಪ್ಯೂಟರ್ ತಪಾಸಣೆ ಆಗಬೇಕು. ಈ ವ್ಯವಸ್ಥೆ ಶುರುವಾದದ್ದು 1998ರ ನವೆಂಬರ್‌ನಲ್ಲಿ. ಅಲ್ಲಿಂದ ಈಚೆಗೆ ಬ್ಲ್ಯಾಕ್ ಫ್ರೈಡೇ ದಿನ ಈ ತಪಾಸಣೆಯ ಸಾಲು ಉದ್ದವಾಗುವುದು ಹೆಚ್ಚುಕಮ್ಮಿ ಪ್ರತಿ ವರ್ಷದ ಸುದ್ದಿ. 2015ರಲ್ಲಿ ಆ ಒಂದೇ ದಿನ 1,85,345. 2016ರಲ್ಲಿ 1,85,713. 2017ರಲ್ಲಿ 2,03,086. ಕೋವಿಡ್ ಕಾಲದಲ್ಲಿ ಒಂದು ದಿನದ ಈ ದಾಖಲೆಯನ್ನು ಬೇರೆ ದಿನಗಳೂ ಮುರಿದವು, 2020ರ ಇಡೀ ವರ್ಷಕ್ಕೆ ಸುಮಾರು 3.97 ಕೋಟಿ ತಪಾಸಣೆಗಳಾದವು. ಇದನ್ನು ಓದಿದ ತಕ್ಷಣ ಅಷ್ಟೇ ಬಂದೂಕು ಮಾರಾಟವಾಯಿತು ಅಂದುಕೊಳ್ಳಬೇಡಿ, ಸುದ್ದಿ ಚಾನೆಲ್‌ಗಳು ಮಾಡುವ ತಪ್ಪು ಇದೇ. ಒಂದು ತಪಾಸಣೆಯ ಮೇಲೆ ಎರಡು ಬಂದೂಕು ಕೊಳ್ಳಬಹುದು. ಇನ್ನೊಂದು ಕಡೆ, ಕೆಂಟಕಿಯಂಥ ರಾಜ್ಯ ತನ್ನ ಪರವಾನಗಿದಾರರನ್ನೆಲ್ಲ ತಿಂಗಳು ತಿಂಗಳೂ ತಪಾಸಿಸುತ್ತದೆ, ಅದಕ್ಕೂ ಮಾರಾಟಕ್ಕೂ ಸಂಬಂಧವೇ ಇಲ್ಲ. ಇವುಗಳಲ್ಲಿ ಉಡುಗೊರೆ ಎಷ್ಟು, ಸ್ವಂತಕ್ಕೆ ಎಷ್ಟು ಅಂತ ಆ ಲೆಕ್ಕ ಹೇಳುವುದಿಲ್ಲ.

ನವೆಂಬರ್-ಡಿಸೆಂಬರ್‌ಗೂ ಬಂದೂಕಿಗೂ ನಂಟು ಬೆಳೆದದ್ದು ರಿಯಾಯಿತಿಯಿಂದ ಮಾತ್ರ ಅಲ್ಲ. ಅದು ಜಿಂಕೆ ಬೇಟೆಯ ಕಾಲ. ಮಿಶಿಗನ್‌ನಲ್ಲಿ ಬಂದೂಕಿನ ಬೇಟೆಗೆ ನವೆಂಬರ್ 15ರಿಂದ 30ರವರೆಗೆ ಅನುಮತಿ. ಅಪ್ಪ, ಚಿಕ್ಕಪ್ಪ, ಅಣ್ಣ-ತಮ್ಮಂದಿರು ಎಲ್ಲ ಕಾಡಿಗೆ ಹೊರಡುವ ಹೊತ್ತಿಗೆ, ಇಷ್ಟು ದಿನ ಹಿಂದಿನಿಂದ ನಡೆದು ಬರುತ್ತಿದ್ದ ಹುಡುಗನಿಗೂ ಒಂದು ಕೋವಿ ಬೇಕು ಅನ್ನಿಸುವುದು ಸಹಜ ಅಲ್ವಾ? ಅದರ ಬೆನ್ನಿಗೇ ಕ್ರಿಸ್‌ಮಸ್ ಬರುತ್ತದೆ.

ಈ ರೂಢಿಯನ್ನು ವ್ಯಾಪಾರ ಮಾಡಿದವರಲ್ಲಿ ಮೊದಲು ನೆನಪಾಗುವುದು ಒಂದು ಗಾಳಿಯಂತ್ರದ ಕಂಪನಿ. ಮಿಶಿಗನ್‌ನದೇ ಪ್ಲಿಮತ್ ಊರಿನಲ್ಲಿ, ಹೊಲಕ್ಕೆ ನೀರೆತ್ತುವ ಗಾಳಿಯಂತ್ರ ತಯಾರಿಸುವ ಕಾರ್ಖಾನೆ ಇತ್ತು. ವ್ಯಾಪಾರ ಅಷ್ಟಕ್ಕಷ್ಟೇ. 1880ರ ದಶಕದ ಕೊನೆಯಲ್ಲಿ, ಲೋಹದಿಂದ ಮಾಡಿದ ಒಂದು ಏರ್‌ಗನ್ ಅವರ ಕೈಗೆ ಬಂತು. ಗಾಳಿಯಂತ್ರ ಕೊಂಡ ರೈತನಿಗೆ ಇದನ್ನು ಪುಕ್ಕಟೆ ಕೊಡೋಣ ಅಂದರು. ಸ್ವಲ್ಪ ದಿನದಲ್ಲೇ ಗಾಳಿಯಂತ್ರ ಯಾರಿಗೂ ಬೇಡ, ಆ ಪುಕ್ಕಟೆ ಗನ್ನೇ ಎಲ್ಲರಿಗೂ ಬೇಕು ಅನ್ನುವ ಹಾಗಾಯಿತು. 1895ರಲ್ಲಿ ಕಂಪನಿ ತನ್ನ ಹೆಸರನ್ನೇ ಆ ಗನ್ನಿನ ಹೆಸರಿಗೆ ಬದಲಿಸಿಕೊಂಡಿತು: ಡೈಸಿ. 1940ರಲ್ಲಿ ಅದೇ ಡೈಸಿ, ಪತ್ರಿಕೆಗಳ ಚಿತ್ರಕಥೆಯಲ್ಲಿ ಹೆಸರು ಮಾಡಿದ್ದ ಕೌಬಾಯ್ ರೆಡ್ ರೈಡರ್ ಹೆಸರಿನಲ್ಲಿ ಒಂದು ಏರ್‌ಗನ್ ಬಿಟ್ಟಿತು. ಅದು ಇವತ್ತಿಗೂ ಮಾರಾಟವಾಗುತ್ತಿದೆ. ಮಧ್ಯೆ ಎರಡನೇ ಮಹಾಯುದ್ಧ ಬಂದು ಲೋಹಕ್ಕೆ ಬರ ಬಿದ್ದಾಗ ಉತ್ಪಾದನೆ ನಿಂತಿತ್ತು.

ಏರ್‌ಗನ್ ಮೊದಲ ಮೆಟ್ಟಿಲು. ಆಮೇಲಿನದು .22 ರೈಫಲ್, ಸಣ್ಣ ಗುಂಡಿನದು, ಮೊಲ ಅಳಿಲು ಹೊಡೆಯಲಿಕ್ಕೆ. ವಿಂಚೆಸ್ಟರ್ ಕಂಪನಿ 1917ರಲ್ಲಿ ಹುಡುಗರಿಗಾಗಿಯೇ ಒಂದು ರೈಫಲ್ ಕೂಟ ಕಟ್ಟಿ ಗುರಿ ಹೊಡೆದವರಿಗೆ ಪದಕ ಕೊಡತೊಡಗಿತು. ಪದಕದ ನೆಪದಲ್ಲಿ ರೈಫಲ್ ಮಾರುವ ಜಾಣತನ ಅಷ್ಟೇ, ಆದರೂ ಆ ಹುಡುಗರು ದೊಡ್ಡವರ ಕಣ್ಣೆದುರು ಗುರಿ ಹಿಡಿಯುವುದನ್ನು ಕಲಿತರು. ಸಿಯರ್ಸ್, ಮಾಂಟ್ಗೊಮೆರಿ ವಾರ್ಡ್ ಕಂಪನಿಗಳ ದಪ್ಪ ಕ್ಯಾಟಲಾಗ್‌ನಲ್ಲಿ ಬಟ್ಟೆ, ಹೊಲಿಗೆ ಯಂತ್ರ, ಕುದುರೆ ಜೀನು, ಕೋವಿ ಎಲ್ಲ ಒಂದೇ ಪುಸ್ತಕದಲ್ಲಿ ಇರುತ್ತಿದ್ದವು. ಚೀಟಿ ತುಂಬಿ, ದುಡ್ಡು ಕಳಿಸಿದರೆ ಸಾಕು, ರೈಲು ನಿಲ್ದಾಣಕ್ಕೆ ಪೆಟ್ಟಿಗೆ ಬರುತ್ತಿತ್ತು.

ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷನಾಗುವುದಕ್ಕೆ ಎಷ್ಟೋ ಮುಂಚೆ, ಸುಮಾರು 13 ವರ್ಷದ ಹುಡುಗನಾಗಿದ್ದಾಗ, ಮೊದಲ ಕೋವಿ ಕೈಗೆ ಬಂದಿತ್ತು. ಫ್ರೆಂಚರು ಮಾಡಿದ ಜೋಡುನಳಿಗೆಯದು. ಜೊತೆಯ ಹುಡುಗರಿಗೆ ಕಾಣುವ ಹಕ್ಕಿ ತನಗೆ ಯಾಕೆ ಕಾಣುತ್ತಿಲ್ಲ ಅಂತ ಅವನಿಗೆ ಅರ್ಥವೇ ಆಗಲಿಲ್ಲವಂತೆ. ಆಗಲೇ ಗೊತ್ತಾದದ್ದು, ಕಣ್ಣು ಮಂಜು, ಕನ್ನಡಕ ಬೇಕು ಅಂತ. ಕೋವಿ ಸಿಕ್ಕಿದ್ದರಿಂದ ಕನ್ನಡಕ ಸಿಕ್ಕಿತು!

ಆ ಕಾಲದ ಉಡುಗೊರೆಯ ಸುತ್ತ ಒಂದು ಬೇಲಿ ಇತ್ತು, ಕಾನೂನಿನ ಬೇಲಿ ಅಲ್ಲ. ಕೊಟ್ಟವನು ಅದೇ ಮನೆಯಲ್ಲಿ ಇರುತ್ತಿದ್ದ. ಕೋವಿ ಉದ್ದದ್ದು, ಅಂಗಿಯೊಳಗೆ ಬಚ್ಚಿಡಲಿಕ್ಕೆ ಆಗದು. ಒಂದು ಸಲಕ್ಕೆ ಒಂದೇ ತೋಟಾ ಹಾಕುವಂಥದ್ದೇ ಎಷ್ಟೋ ಮಕ್ಕಳ ಪಾಲಿಗೆ ಬರುತ್ತಿದ್ದದ್ದು. ಬೇಟೆಯ ಕಾಲ ಮುಗಿದರೆ ಎಣ್ಣೆ ಹಚ್ಚಿ ಗೂಟಕ್ಕೆ. ಆಗ ಅವಘಡಗಳು ಆಗಿರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಆಗುತ್ತಿದ್ದವು. ಬೇಟೆಗೆ ಹೊರಡುವವರಿಗೆ ಸುರಕ್ಷತೆಯ ಪಾಠ ಕಡ್ಡಾಯ ಅಂತ ನ್ಯೂಯಾರ್ಕ್ ರಾಜ್ಯ 1949ರಲ್ಲಿ ಕಾನೂನು ಮಾಡಿದ್ದು ಸುಮ್ನೆ ಅಲ್ಲ.

ಟಪಾಲಿನಲ್ಲಿ ಕೋವಿ ತರಿಸುವ ಕಾಲ ಮುಗಿದದ್ದು ಒಂದು ಕೊಲೆಯಿಂದ. 1963ರ ಮಾರ್ಚ್‌ನಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಒಂದು ಬಂದೂಕು ಪತ್ರಿಕೆಯ ಜಾಹೀರಾತಿನಿಂದ ಕೂಪನ್ ಕತ್ತರಿಸಿ, ಎ. ಹಿಡೆಲ್ ಅನ್ನುವ ಸುಳ್ಳು ಹೆಸರಿನಲ್ಲಿ, ಶಿಕಾಗೋದ ಕ್ಲೈನ್ಸ್ ಅಂಗಡಿಗೆ ಕಳಿಸಿದ. ದುರ್ಬೀನು ಸಮೇತ 19.95 ಡಾಲರ್, ಅಂಚೆ ವೆಚ್ಚ ಸೇರಿ 21.45. ಡಲ್ಲಾಸ್‌ನ ಅಂಚೆ ಪೆಟ್ಟಿಗೆಯ ವಿಳಾಸಕ್ಕೆ ಇಟಲಿಯ ಹಳೇ ಸೇನಾ ರೈಫಲ್ ಬಂತು. ನೀನು ಯಾರು ಅಂತ ಯಾರೂ ಕೇಳಲಿಲ್ಲ. ನವೆಂಬರ್‌ನಲ್ಲಿ ಅದೇ ರೈಫಲ್‌ನಿಂದ ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ಟಪಾಲು ಮಾರಾಟ ನಿಲ್ಲಿಸಬೇಕು ಅನ್ನುವುದಕ್ಕೆ ಆಗ ಬಂದೂಕು ಮಾಲೀಕರ ಸಂಘ ಎನ್‌ಆರ್‌ಎಯ ಹಿರಿಯ ಅಧಿಕಾರಿ ಫ್ರಾಂಕ್ಲಿನ್ ಆರ್ತ್ ಕೂಡ ಬೆಂಬಲ ಕೊಟ್ಟಿದ್ದ ಅಂದರೆ ಈಗ ನಂಬುವುದು ಕಷ್ಟ. ಆದರೂ ಕಾನೂನಾಗಲಿಕ್ಕೆ ಐದು ವರ್ಷ ಬೇಕಾಯಿತು. ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ 1968ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಅಲ್ಲಿಂದ ಮುಂದೆ ಬೇರೆ ರಾಜ್ಯದಿಂದ ನೇರವಾಗಿ ಮನೆಗೆ ಬಂದೂಕು ತರಿಸುವ ಹಾಗಿಲ್ಲ. ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಉದ್ದ ಬಂದೂಕಿಗೆ 18, ಪಿಸ್ತೂಲಿಗೆ 21 ವರ್ಷ ಆಗಿರಬೇಕು.

ಈಗ ಅಂಗಡಿಯ ಕೌಂಟರಿಗೆ ಬನ್ನಿ. ಅಲ್ಲಿ 4473 ಅನ್ನುವ ಸಂಖ್ಯೆಯ ಒಂದು ನಮೂನೆ ತುಂಬಬೇಕು. ಈ ಬಂದೂಕಿನ ನಿಜವಾದ ಖರೀದಿದಾರ ನೀವೇನಾ ಅಂತ ಅದರಲ್ಲಿ ಒಂದು ಪ್ರಶ್ನೆ ಇದೆ. ಇದು ಬೇರೆಯವರಿಗೋಸ್ಕರ ಕೊಳ್ಳುವವರನ್ನು ಹಿಡಿಯಲಿಕ್ಕೆ ಇಟ್ಟ ಪ್ರಶ್ನೆ. ಹಾಗಾದರೆ ಮಗಳಿಗೆ ಕ್ರಿಸ್‌ಮಸ್‌ಗೆ ಕೊಡಲಿಕ್ಕೆ ಕೊಳ್ಳುತ್ತಿರುವ ಅಪ್ಪ ಏನು ಬರೆಯಬೇಕು? 'ಹೌದು, ನಾನೇ' ಅಂತ. ನಮೂನೆಯ ಸೂಚನೆಯಲ್ಲೇ ಇದನ್ನು ಉದಾಹರಣೆ ಕೊಟ್ಟು ವಿವರಿಸಿದ್ದಾರೆ: ಸ್ವಂತ ದುಡ್ಡಿನಿಂದ ಕೊಂಡು, ಬದಲಿಗೆ ಏನನ್ನೂ ಪಡೆಯದೆ ಕೊಟ್ಟರೆ, ಕೊಂಡವನೇ ನಿಜವಾದ ಖರೀದಿದಾರ. ಯಾರೋ ದುಡ್ಡು ಕೊಟ್ಟು ತರಿಸಿಕೊಂಡರೆ ಮಾತ್ರ ಅದು ಬೇನಾಮಿ ಖರೀದಿ, ಅಪರಾಧ.

ಈ ಗೆರೆ ಎಷ್ಟು ಸಣ್ಣದು ಅನ್ನುವುದಕ್ಕೆ ಬ್ರೂಸ್ ಅಬ್ರಾಮ್‌ಸ್ಕಿಯ ಕೇಸು ನೋಡಬೇಕು. ವರ್ಜೀನಿಯಾದ ಮಾಜಿ ಪೊಲೀಸ್. ಪೆನ್ಸಿಲ್ವೇನಿಯಾದಲ್ಲಿದ್ದ ಅಂಕಲ್‌ಗೆ ಒಂದು ಗ್ಲಾಕ್ 19 ಪಿಸ್ತೂಲು ಬೇಕಿತ್ತು. ಪೊಲೀಸರಿಗೆ ಸಿಗುವ ರಿಯಾಯಿತಿಯಲ್ಲಿ ತಂದುಕೊಡುತ್ತೇನೆ ಅಂದ ಇವನು. ಅಂಕಲ್ 400 ಡಾಲರ್‌ನ ಚೆಕ್ ಕಳಿಸಿದ, ಮೇಲೆ ಪಿಸ್ತೂಲಿನ ಹೆಸರನ್ನೂ ಬರೆದು! ಇಬ್ಬರಿಗೂ ಬಂದೂಕು ಹೊಂದುವ ಹಕ್ಕು ಇತ್ತು. ಪೆನ್ಸಿಲ್ವೇನಿಯಾದಲ್ಲಿ ಹಸ್ತಾಂತರವೂ ಲೈಸೆನ್ಸ್‌ದಾರ ಅಂಗಡಿಯ ಮೂಲಕವೇ, ತಪಾಸಣೆಯ ನಂತರವೇ ಆಯಿತು. ಆದರೂ ನಮೂನೆಯಲ್ಲಿ 'ನಾನೇ ಖರೀದಿದಾರ' ಅಂದದ್ದು ಸುಳ್ಳು ಅಂತ ಶಿಕ್ಷೆಯಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ಅಬ್ರಾಮ್‌ಸ್ಕಿ ಅದೇ ಪಿಸ್ತೂಲನ್ನು ತನ್ನದೇ ದುಡ್ಡಿನಲ್ಲಿ ಕೊಂಡು ಹಬ್ಬದ ಉಡುಗೊರೆ ಅಂತ ಕೊಟ್ಟಿದ್ದರೆ? ಆ ಉತ್ತರ ಸುಳ್ಳಾಗುತ್ತಲೇ ಇರಲಿಲ್ಲ.

ಆಕ್ಸ್‌ಫರ್ಡ್‌ನ ಹುಡುಗ ತಪ್ಪೊಪ್ಪಿಕೊಳ್ಳುವಾಗ ಕೋರ್ಟಿನಲ್ಲಿ ಹೇಳಿದ್ದು ಇದೇ: ಪಿಸ್ತೂಲಿಗೆ ದುಡ್ಡು ಕೊಟ್ಟದ್ದು ನಾನು. ಅಮ್ಮನ ಪೋಸ್ಟ್‌ನಲ್ಲಿ ಅದು ಕ್ರಿಸ್‌ಮಸ್ ಉಡುಗೊರೆ, ಮಗನ ಮಾತಿನಲ್ಲಿ ಅವನ ಸ್ವಂತ ದುಡ್ಡಿನ ಸಾಮಾನು. ಕಾನೂನಿಗೆ ಈ ಎರಡರ ನಡುವೆ ಭೂಮಿ-ಆಕಾಶದಷ್ಟು ಅಂತರ. ಆ ಶಾಲೆಯ ಕಾರಿಡಾರಿನಲ್ಲಿ ಓಡುತ್ತಿದ್ದ ಮಕ್ಕಳಿಗೆ ಏನು ಅಂತರ ಹೇಳಿ?

ನನ್ನ ತಕರಾರು ಇರುವುದು ಇಲ್ಲಿಯೇ. ತಪಾಸಣೆ ಕೊಳ್ಳುವವನಿಗೆ ಮಾತ್ರ. ಅವನಿಗೆ ಶಿಕ್ಷೆಯಾಗಿದೆಯೇ, ಮನೆಯವರ ಮೇಲೆ ಕೈ ಮಾಡಿದ್ದಾನೆಯೇ, ಎಲ್ಲ ನೋಡುತ್ತಾರೆ. ಕೊನೆಗೆ ಬಂದೂಕು ಇಟ್ಟುಕೊಳ್ಳುವವನ ಬಗ್ಗೆ ಆ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ಒಂದೇ ರಾಜ್ಯದಲ್ಲಿರುವ ಇಬ್ಬರ ನಡುವೆ ಫೆಡರಲ್ ಕಾನೂನು, ಅಂದರೆ ಇಡೀ ದೇಶದ ಕಾನೂನು, ಯಾವ ಕಾಗದವನ್ನೂ ಕೇಳುವುದಿಲ್ಲ, ಪಡೆಯುವವನು ಬಂದೂಕು ಹೊಂದಬಾರದವನು ಅಂತ ಗೊತ್ತಿದ್ದೂ, ಹಾಗೆ ನಂಬಲು ತಕ್ಕ ಕಾರಣವಿದ್ದೂ ಕೊಡಬಾರದು, ಅಷ್ಟೇ. ಗೊತ್ತಿಲ್ಲದಿದ್ದರೆ? ಗೊತ್ತುಮಾಡಿಕೊಳ್ಳಬೇಕು ಅಂತ ಏನೂ ಇಲ್ಲ. ಬೇರೆ ರಾಜ್ಯದಲ್ಲಿರುವ ಮಗನಿಗೆ ಕೊಡುವುದಾದರೆ ಮಾತ್ರ ಅವನ ಊರಿನ ಅಂಗಡಿಯ ಮೂಲಕ ಹೋಗಬೇಕು. ಕೆಲವು ರಾಜ್ಯಗಳು ಖಾಸಗಿ ಹಸ್ತಾಂತರಕ್ಕೂ ತಪಾಸಣೆ ಕಡ್ಡಾಯ ಮಾಡಿವೆ. ಅಲ್ಲೂ ಹಬ್ಬದ ಉಡುಗೊರೆಗೆ ಬಾಗಿಲು ತೆರೆದೇ ಇರುತ್ತದೆ: 2014ರಲ್ಲಿ ಮತದಾರರೇ ಒಪ್ಪಿದ ವಾಷಿಂಗ್ಟನ್ ರಾಜ್ಯದ ಕಾನೂನು ಹತ್ತಿರದ ಕುಟುಂಬದವರ ನಡುವಿನ ಉಡುಗೊರೆಯನ್ನು ಹೊರಗಿಟ್ಟಿದೆ. ಮುಂದೆ ಆ ಬಂದೂಕು ಯಾವುದೋ ಅಪರಾಧದಲ್ಲಿ ಸಿಕ್ಕಿತು ಅಂದುಕೊಳ್ಳಿ, ಪೊಲೀಸರ ಜಾಡು ಮೊದಲು ಕೊಂಡವನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಕೇಂದ್ರ ಸರ್ಕಾರ ಬಂದೂಕು ಮಾಲೀಕರ ಪಟ್ಟಿ ಇಟ್ಟುಕೊಳ್ಳಬಾರದು ಅಂತ 1986ರ ಕಾನೂನೇ ಇದೆ.

ಇಷ್ಟಾದರೂ ಪರವಾಗಿರಲಿಲ್ಲ, ಕೊಡುತ್ತಿದ್ದದ್ದು ಅದೇ ಹಳೇ ಮೊಲದ ಕೋವಿಯೇ ಆಗಿದ್ದರೆ. ಯಾಕೆ ಬಂದೂಕು ಇಟ್ಟುಕೊಂಡಿದ್ದೀರಿ ಅಂತ 1999ರ ಒಂದು ಸಮೀಕ್ಷೆಯಲ್ಲಿ ಕೇಳಿದಾಗ 49 ಶೇಕಡ ಮಾಲೀಕರು ಬೇಟೆಗೆ ಅಂದಿದ್ದರು, ರಕ್ಷಣೆಗೆ ಅಂದವರು 26 ಶೇಕಡ. 2013ರಲ್ಲಿ ಸಮೀಕ್ಷೆಗಳನ್ನು ನಡೆಸುವ ಪ್ಯೂ ಸಂಸ್ಥೆ ಅದೇ ಪ್ರಶ್ನೆ ಕೇಳಿತು. ಲೆಕ್ಕ ತಿರುಗಿಬಿದ್ದಿತ್ತು. ರಕ್ಷಣೆಗೆ 48, ಬೇಟೆಗೆ 32. ಪ್ಯೂ 2023ರಲ್ಲಿ ಪ್ರಶ್ನೆಯನ್ನು ಸ್ವಲ್ಪ ಬೇರೆ ರೀತಿಯಲ್ಲಿ ಕೇಳಿದಾಗ, ರಕ್ಷಣೆಯೇ ಮುಖ್ಯ ಕಾರಣಗಳಲ್ಲೊಂದು ಅಂದವರು 72 ಶೇಕಡ. ಇದು ಬರೀ ಅಂಕಿಯ ಆಟ ಅಲ್ಲ. ಬೇಟೆಯ ಬಂದೂಕು ಕಾಲ ಮುಗಿದ ಮೇಲೆ ಖಾಲಿಯಾಗಿ ಬೀರು ಸೇರುತ್ತದೆ. ರಕ್ಷಣೆಯ ಪಿಸ್ತೂಲು ತೋಟಾ ತುಂಬಿಕೊಂಡು, ಕತ್ತಲಲ್ಲೂ ಕೈಗೆ ಸಿಗುವ ಹಾಗೆ, ಹಾಸಿಗೆ ಪಕ್ಕದ ಡ್ರಾಯರಿನಲ್ಲಿ ವರ್ಷವಿಡೀ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೂ ಅಲ್ಲೇ. ಗಾಂಜಾದಿಂದ ಕಾರು ಅಪಘಾತದವರೆಗೆ ಏನೇನಕ್ಕೋ ಹೆದರುವ ತಂದೆ-ತಾಯಿಗಳಿಗೆ ಒಂದು ಮಾತು: 2020ರಿಂದ ಅಮೆರಿಕದಲ್ಲಿ 1ರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ಬಂದೂಕು, ವಾಹನ ಅಪಘಾತವನ್ನೂ ದಾಟಿ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಸಿಬ್ಬಂದಿ ಸತ್ತರು. ಹಂತಕ ಅವತ್ತು ಮೊದಲು ಕೊಂದದ್ದು ಮನೆಯಲ್ಲಿ ಮಲಗಿದ್ದ ತನ್ನ ಹೆತ್ತಮ್ಮನನ್ನು. ಆಮೇಲೆ ಆ ಮನೆ ಜಾಲಾಡಿದ ತನಿಖಾಧಿಕಾರಿಗಳಿಗೆ ಒಂದು ಹಬ್ಬದ ಕಾರ್ಡ್ ಸಿಕ್ಕಿತು. ಒಳಗೆ ಮಗನ ಹೆಸರಿಗೆ ಅಮ್ಮ ಬರೆದ ಚೆಕ್. ಯಾತಕ್ಕೆ? ಸಿಝಡ್ 83 ಪಿಸ್ತೂಲು ಕೊಳ್ಳಲಿಕ್ಕೆ. ಸರ್ಕಾರಿ ವಕೀಲರ ವರದಿಯಲ್ಲಿ ಇದು ಒಂದು ಒಣ ಸಾಲು. ಮನೆ ಬಿಟ್ಟು ಹೊರಗೆ ಬರದ, ಯಾರ ಜೊತೆಯೂ ಬೆರೆಯದ ಮಗನಿಗೆ ಇಷ್ಟವಾದದ್ದು ಏನಾದರೂ ಕೊಡಿಸಬೇಕು ಅನ್ನುವ ಅಮ್ಮನ ಆಸೆಯೇ ಅದರ ಹಿಂದೆ ಇತ್ತು ಅಂತ ನನಗೆ ಅನ್ನಿಸುತ್ತದೆ.

2024ರ ಸೆಪ್ಟೆಂಬರ್ 4ಕ್ಕೆ ಜಾರ್ಜಿಯಾ ರಾಜ್ಯದ ಅಪಲಾಚೀ ಹೈಸ್ಕೂಲು. 14 ವರ್ಷದ ಹುಡುಗ, ಸೇನಾ ರೈಫಲನ್ನು ಹೋಲುವ ಎಆರ್-15 ಮಾದರಿಯ ರೈಫಲ್, ಇಬ್ಬರು ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕರ ಸಾವು. ಅದರ ಹಿಂದಿನ ವರ್ಷವೇ ಆನ್‌ಲೈನ್ ಬೆದರಿಕೆಯ ದೂರಿನ ಮೇಲೆ ಪೊಲೀಸರು ಈ ಹುಡುಗನ ಮನೆಗೆ ಬಂದು ಮಾತಾಡಿಸಿ ಹೋಗಿದ್ದರು. ಅದಾಗಿ ಕೆಲವೇ ತಿಂಗಳಲ್ಲಿ ಬಂದ ಕ್ರಿಸ್‌ಮಸ್‌ಗೆ ಆ ರೈಫಲ್ ಕೊಡಿಸಿದೆ ಅಂತ ತಂದೆಯೇ ತನಿಖೆಯಲ್ಲಿ ಹೇಳಿದ. ಅವನ ಮೇಲೂ ಕೊಲೆಯ ಆರೋಪ ದಾಖಲಾಯಿತು. 14ರ ಹುಡುಗ ಅಂಗಡಿಯಲ್ಲಿ ರೈಫಲ್ ಕೇಳಿದ್ದರೆ ಹೊರಗೆ ಕಳಿಸುತ್ತಿದ್ದರು. ಅಪ್ಪ ಕೊಟ್ಟರೆ ಫೆಡರಲ್ ಕಾನೂನಿನಲ್ಲಿ ಉದ್ದ ಬಂದೂಕಿಗೆ ವಯಸ್ಸಿನ ಮಿತಿಯೇ ಇಲ್ಲ.

ಶಾಲೆಯ ದಾಳಿಗಳು ಸುದ್ದಿಯಾಗುತ್ತವೆ. ಸುದ್ದಿಯಾಗದ ಸಾವು ಅದಕ್ಕಿಂತ ಎಷ್ಟೋ ಜಾಸ್ತಿ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಜನ, ಅದರಲ್ಲಿ 26,328 ಆತ್ಮಹತ್ಯೆ. ಹಬ್ಬದ ದಿನಗಳಲ್ಲಿ ಆತ್ಮಹತ್ಯೆ ಜಾಸ್ತಿ ಅನ್ನುವುದು ತಪ್ಪು ನಂಬಿಕೆ, ಡಿಸೆಂಬರ್‌ನಲ್ಲಿ ಅದು ಕಡಿಮೆಯೇ ಇರುತ್ತದೆ. ಆದರೆ ಡಿಸೆಂಬರ್‌ನಲ್ಲಿ ಕೊಟ್ಟ ಪಿಸ್ತೂಲು ಮುಂದಿನ ಏಪ್ರಿಲ್‌ನಲ್ಲೂ ಆ ಮನೆಯಲ್ಲೇ ಇರುತ್ತದೆ ಅಲ್ವಾ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿರುವ ಅಪ್ಪನಿಗೆ ಕಳ್ಳರ ಭಯ ಇರದಿರಲಿ ಅಂತ ಮಕ್ಕಳು ಸೇರಿ ಪಿಸ್ತೂಲು ಕೊಡಿಸಿದರೆ, ಅಪ್ಪನ ಮನಸ್ಸು ಹೇಗಿದೆ ಅಂತ ಕೌಂಟರಿನಲ್ಲಿ ಕೇಳುವವರು ಯಾರೂ ಇಲ್ಲ.

ಇದೆಲ್ಲದರ ನಡುವೆ ಹಬ್ಬದ ಬಂದೂಕು ರಾಜಕೀಯದ ಬಾವುಟವೂ ಆಗಿದೆ. ಆಕ್ಸ್‌ಫರ್ಡ್ ಘಟನೆಯಾಗಿ ನಾಲ್ಕೇ ದಿನಕ್ಕೆ ಕೆಂಟಕಿಯ ಸಂಸದ ಥಾಮಸ್ ಮ್ಯಾಸಿ ಕ್ರಿಸ್‌ಮಸ್ ಮರದ ಮುಂದೆ ಇಡೀ ಸಂಸಾರದ ಫೋಟೋ ಹಾಕಿದರು, ಎಲ್ಲರ ಕೈಯಲ್ಲೂ ಬಂದೂಕು. 'ಸಾಂಟಾ, ದಯವಿಟ್ಟು ಗುಂಡು ತಾ' ಅಂತ ಒಕ್ಕಣೆ ಬೇರೆ. ಕೆಲವೇ ದಿನದಲ್ಲಿ ಕೊಲರಾಡೋದ ಸಂಸದೆ ಲಾರೆನ್ ಬೋಬರ್ಟ್ ತನ್ನ ಮಕ್ಕಳ ಜೊತೆ ಅಂಥದ್ದೇ ಚಿತ್ರ ಹಾಕಿದರು. ಹಳೇ ಕಾಲದ ಜಾಹೀರಾತುಗಳಲ್ಲೂ ಕೋವಿ ಹಿಡಿದ ಹುಡುಗರು ಇದ್ದರು, ಅವು ಕೋವಿ ಮಾರಲಿಕ್ಕೆ ಇದ್ದವು. ಈ ಫೋಟೋಗಳು ಏನನ್ನೂ ಮಾರುತ್ತಿಲ್ಲ, ನಾವು ಯಾರ ಕಡೆ ಅಂತ ತೋರಿಸುತ್ತಿವೆ. ಇವರಿಗೆ ಹೋಲಿಸಿದರೆ ಗಾಯಕ ಎಲ್ವಿಸ್ ಪ್ರೆಸ್ಲಿಯೇ ವಾಸಿ. 1970ರ ಡಿಸೆಂಬರ್ 21ಕ್ಕೆ ಅಧ್ಯಕ್ಷ ನಿಕ್ಸನ್‌ಗೆ ಕೊಡಲಿಕ್ಕೆ ಅಂತ ಪೆಟ್ಟಿಗೆಯಲ್ಲಿಟ್ಟ ಕೋಲ್ಟ್ .45 ಪಿಸ್ತೂಲನ್ನು ಹಿಡಿದು ಶ್ವೇತಭವನಕ್ಕೇ ಹೋಗಿದ್ದ ಮಹಾಶಯ. ಬಾಗಿಲಲ್ಲೇ ಭದ್ರತೆಯವರು ತೆಗೆದಿಟ್ಟುಕೊಂಡರು. ಈಗ ಅದು ನಿಕ್ಸನ್ ಗ್ರಂಥಾಲಯದಲ್ಲಿದೆ.

ಬಂದೂಕು ಪ್ರಿಯರ ವಾದವನ್ನೂ ಕೇಳಬೇಕು, ಅದು ಪೂರ್ತಿ ಪೊಳ್ಳಲ್ಲ. ವರ್ಷಕ್ಕೆ ಕೋಟಿಗೂ ಮೀರಿ ಬಂದೂಕು ಮಾರಾಟವಾಗುತ್ತವೆ, ಹೆಚ್ಚಿನವು ಯಾರನ್ನೂ ಕೊಲ್ಲುವುದಿಲ್ಲ. ಅಜ್ಜನ ಶಾಟ್‌ಗನ್ ಮೊಮ್ಮಗಳಿಗೆ ಬರುವುದರಲ್ಲಿ ಪ್ರೀತಿ ಇದೆ, ನೆನಪು ಇದೆ. ಅದಕ್ಕೂ ಅಂಗಡಿಗೆ ಹೋಗಿ ನಮೂನೆ ತುಂಬಿ ಅಂದರೆ ಮನೆಯೊಳಗಿನ ವಿಷಯಕ್ಕೆ ಸರ್ಕಾರ ಬಂದ ಹಾಗೆ ಅನ್ನಿಸುವುದು ನನಗೂ ಅರ್ಥವಾಗುತ್ತದೆ. ಆದರೆ ಕಾರು ಉಡುಗೊರೆ ಕೊಟ್ಟರೂ ಪಡೆದವರ ಹೆಸರಿಗೆ ನೋಂದಣಿ ಆಗಲೇಬೇಕಲ್ಲ, ಅದರಿಂದ ಯಾರ ಪ್ರೀತಿಯೂ ಕಮ್ಮಿಯಾಗಿಲ್ಲ.

ನಮ್ಮಲ್ಲಿ ಹೇಗೆ ಅಂತ ಕೇಳುವವರಿಗೆ ಕೊಡಗು ನೆನಪಾಗಬಹುದು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಒಪ್ಪಿತು. ಆದರೆ ಅಲ್ಲಿ ಕೋವಿಯ ಹಿಂದೆ ಒಂದು ಒಕ್ಕ, ಅಂದರೆ ಇಡೀ ಮನೆತನ, ನಿಂತಿರುತ್ತದೆ. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಅಂತ ಹಾರಿಸುವ ರೂಢಿಯಲ್ಲೂ ಅದು ಮನೆತನದ ವಸ್ತು, ಹದಿನೈದರ ಹುಡುಗನ ಸ್ವಂತದ್ದಲ್ಲ. ಉಳಿದ ಕಡೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಗಿಯಾಗಿದೆ. 21 ತುಂಬದವರಿಗೆ ಸಾಮಾನ್ಯವಾಗಿ ಲೈಸೆನ್ಸ್ ಇಲ್ಲ. ಪಡೆಯುವವನ ಹೆಸರಿನಲ್ಲಿ ಮೊದಲು ಲೈಸೆನ್ಸ್ ಆಗಬೇಕು, ಆಮೇಲೆ ಬಂದೂಕು. ಅಪ್ಪ ತೀರಿಕೊಂಡು ಕೋವಿ ಮಗನಿಗೆ ಬಂದರೂ ಅವನು ಕಚೇರಿಗೆ ಅಲೆಯಲೇಬೇಕು. ಮಲೆನಾಡಿನ ತೋಟದವರು ಈ ಅಲೆದಾಟಕ್ಕೆ ಬೈಯ್ಯುವುದನ್ನು ಎಲ್ಲರೂ ಕೇಳಿದ್ದೇವೆ. ಹಾಗಾಗಿ ಭಾರತದಲ್ಲಿ ಕಾನೂನು ಪ್ರಕಾರ ಯಾರಿಗೂ ಗೊತ್ತಾಗದ ಹಾಗೆ ಬಂದೂಕು ತಂದು ಆಶ್ಚರ್ಯಪಡಿಸಲು ಬರುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಇದರಲ್ಲಿ ಗೊತ್ತಿಟ್ಟುಕೊಳ್ಳಬೇಕಾದದ್ದು ಒಂದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ ಇದೆ, ಅಷ್ಟೇ. ಟೆಕ್ಸಸ್‌ನ ಸಹೋದ್ಯೋಗಿ ಪ್ರೀತಿಯಿಂದ ಒಂದು ಪಿಸ್ತೂಲು ಕೊಟ್ಟರೆ, ತೆಗೆದುಕೊಂಡವನದೂ ಗಂಭೀರ ಅಪರಾಧ, ಗೊತ್ತಿದ್ದೂ ಕೊಟ್ಟವನದೂ. ರೇಂಜಿಗೆ ಹೋಗಿ ಬಾಡಿಗೆ ಬಂದೂಕು ಹಿಡಿದು ಫೋಟೋ ತೆಗೆಸಿಕೊಳ್ಳುವವರೂ ಯೋಚಿಸಬೇಕು, ಕೈಯಲ್ಲಿ ಹಿಡಿದರೂ ಅದು ಹೊಂದಿದ ಹಾಗೆಯೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಇನ್ನು ಮಕ್ಕಳು ಗೆಳೆಯರ ಮನೆಯಲ್ಲಿ ರಾತ್ರಿ ಉಳಿಯಲು ಹೋಗುವಾಗ, ನಿಮ್ಮ ಮನೆಯಲ್ಲಿ ಬೀಗ ಹಾಕದ ಬಂದೂಕು ಇದೆಯಾ ಅಂತ ಕೇಳುವುದು ಅಲ್ಲಿ ಅಸಭ್ಯವಲ್ಲ. ಹಾಗೆ ಕೇಳಿ ಅಂತ ಮಕ್ಕಳ ವೈದ್ಯರೇ ಹೇಳುತ್ತಾರೆ. ನಮ್ಮವರಿಗೆ ಸಂಕೋಚ ಜಾಸ್ತಿ. ಕಡಲೆಬೀಜದ ಅಲರ್ಜಿ ಇದೆ ಅಂತ ಹೇಳುವಾಗಲೇ ಇದನ್ನೂ ಕೇಳಿಬಿಡಬಹುದು.

ಬದಲಾವಣೆ ಆಗುತ್ತಿಲ್ಲ ಅಂತಲ್ಲ, ಆದರೆ ಎಲ್ಲವೂ ಕೊಟ್ಟಾದ ಮೇಲಿನದು. 2022ರ ಫೆಡರಲ್ ಕಾನೂನು ಬೇನಾಮಿ ಖರೀದಿಗೆ 15 ವರ್ಷದವರೆಗೆ ಶಿಕ್ಷೆ ಇಟ್ಟಿತು, 21 ತುಂಬದ ಖರೀದಿದಾರರಿಗೆ ತಪಾಸಣೆ ಬಿಗಿ ಮಾಡಿತು. ಮಕ್ಕಳಿರುವ ಕಡೆ ಬಂದೂಕಿಗೆ ಬೀಗ ಕಡ್ಡಾಯ ಅನ್ನುವ ಮಿಶಿಗನ್‌ನ ಕಾನೂನು 2024ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಕ್ರಂಬ್ಲಿ ದಂಪತಿಯ ಕೇಸಿನ ತೀರ್ಪು, ಬಂದೂಕು ಕೊಟ್ಟವರನ್ನು ಹೊಣೆ ಮಾಡಿತು. ಸತ್ತವರ ಲೆಕ್ಕ ಹಾಕಿ ಹೊಣೆ ಹೊರಿಸುವುದು ಅದು. ಕೊಡುವ ಮುಂಚೆ ಪಡೆಯುವವರನ್ನು ಒಂದು ಸಲ ನೋಡುವ ಸರಳ ದಾರಿ ಬೇರೆ ಇದೆ, ಅದನ್ನು ಬಂದೂಕು ಉದ್ಯಮದ ಸಂಘವೇ ಪ್ರತಿ ಡಿಸೆಂಬರ್‌ನಲ್ಲಿ ಸಲಹೆ ಮಾಡುತ್ತದೆ: ಬಂದೂಕಿನ ಬದಲು ಅಂಗಡಿಯ ಗಿಫ್ಟ್ ಕಾರ್ಡ್ ಕೊಡಿ. ಪಡೆದವರು ತಾವೇ ಕೌಂಟರಿಗೆ ಬಂದು, ತಮ್ಮ ಕೈಗೆ ಒಗ್ಗುವುದನ್ನು ಆರಿಸಿ, ತಮ್ಮ ಹೆಸರಿನಲ್ಲೇ ನಮೂನೆ ತುಂಬಿ, ತಪಾಸಣೆ ಮುಗಿಸಿಕೊಂಡು ಹೋಗಲಿ. 14 ವರ್ಷದ ಹುಡುಗನ ಕೈಯಲ್ಲಿ ಆ ಕಾರ್ಡ್ ಇದ್ದರೂ ಅಂಗಡಿಯವನು ಅವನಿಗೆ ರೈಫಲ್ ಕೊಡುವಂತಿಲ್ಲ. ಇದನ್ನು ಸಲಹೆ ಅಂತ ಬಿಡುವ ಬದಲು ಕಾನೂನು ಮಾಡಿ ಅಂದರೆ ಮಾತ್ರ ಅದೇ ಉದ್ಯಮ ರಾಜಧಾನಿ ವಾಷಿಂಗ್ಟನ್‌ನಲ್ಲಿ ಅಡ್ಡ ನಿಲ್ಲುತ್ತದೆ.